ಮೂರನೇ ಸಲದ ಜಾತಕ

ಜಾತಕ ಬರೆಯುವವನು ಬ್ರಹ್ಮ, ಅಚ್ಚು ಹಾಕುವವನು ನಾನು. ಹೊಸಕೋಟೆ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ‘ಕಂಪ್ಯೂಟರ್ ಜಾತಕ’ ಎಂಬ ಬೋರ್ಡಿನ ಕೆಳಗೆ ಕೂತು ನನ್ನ ಕೂದಲು ಬೆಳ್ಳಗಾಯಿತು. ನಾನು ಜೋಯಿಸನಲ್ಲ, ಬಿ.ಕಾಂ. ಓದಿದವನು. ಹುಟ್ಟಿದ ದಿನ, ಹೊತ್ತು, ಊರು ಹೇಳಿದರೆ ಕಂಪ್ಯೂಟರಿಗೆ ತುಂಬಿಸುತ್ತೇನೆ, ಅದು ಲೆಕ್ಕ ಹಾಕಿ ಕೊಟ್ಟದ್ದನ್ನು ಪ್ರಿಂಟ್ ತೆಗೆಯುತ್ತೇನೆ. ಜನ ಕೇಳಬೇಕಲ್ಲ? “ಸಂಜೀವಣ್ಣ, ನಮ್ಗೆ ಶನಿ ಯಾವಾಗ ಬಿಡ್ತಾನೆ?” ಎನ್ನುತ್ತಾರೆ. ನನಗೇ ಬಿಟ್ಟಿದ್ದರೆ ಈ ಓಣಿಯಲ್ಲಿ ಯಾಕೆ ಕೂತಿರುತ್ತಿದ್ದೆ ಎಂದು ಬೈದು ಕಳಿಸುತ್ತೇನೆ.

ನನ್ನ ಪ್ರಿಂಟರ್ ಹಳೇ ಕಾಲದ ಡಾಟ್ ಮ್ಯಾಟ್ರಿಕ್ಸ್. ಅದರ ಹೆಡ್ಡಿನ ಮೂತಿಯಲ್ಲಿ ಸೂಜಿಯಂಥ ಪಿನ್ನುಗಳಿವೆ. ಅವು ಮಸಿ ರಿಬ್ಬನ್ನಿನ ಮೇಲೆ ಕುಟ್ಟಿ ಕುಟ್ಟಿ ಕಾಗದಕ್ಕೆ ಚುಕ್ಕಿ ಇಡುತ್ತವೆ, ರಂಗೋಲಿಯ ಹಾಗೆ ಚುಕ್ಕಿ ಸೇರಿ ಅಕ್ಷರವಾಗುತ್ತದೆ. ಅದರ ಕಿರುಚಾಟ ಎದುರಿನ ಟೀ ಅಂಗಡಿಯವರೆಗೂ ಕೇಳುತ್ತದೆ. ಹೊಸದು ತಗೊಳ್ಳಿ ಎಂದು ಬುದ್ಧಿ ಹೇಳಿದವರು ಬಹಳ. ಆದರೆ ನಮ್ಮ ಕಡೆಯ ಹಿರಿಯರಿಗೆ ಪಟ್ಟೆ ಪಟ್ಟೆ ಕಾಗದ, ಎರಡೂ ಅಂಚಿಗೆ ತೂತು, ಚುಕ್ಕಿ ಅಕ್ಷರ ಇದ್ದರೇ ಅದು ಜಾತಕ. ಲೇಸರಿನಲ್ಲಿ ನುಣ್ಣಗೆ ಬಂದದ್ದನ್ನು ‘ಜೆರಾಕ್ಸು’ ಎಂದು ಪಕ್ಕಕ್ಕಿಡುತ್ತಾರೆ. ಮೊಬೈಲಿನ ಲೆಕ್ಕಕ್ಕೂ ನನ್ನ ಹಳೇ ಕಂಪ್ಯೂಟರಿನ ಲೆಕ್ಕಕ್ಕೂ ಹೊಂದುವುದಿಲ್ಲವಾದ್ದರಿಂದ ಹುಡುಗನದು ಯಾವ ಮಿಷನ್ನಿನಲ್ಲಿ ಬಂದಿತೋ ಹುಡುಗಿಯದೂ ಅದರಲ್ಲೇ ಬರಬೇಕು ಎನ್ನುವ ಪುರೋಹಿತರೂ ಇದ್ದಾರೆ. ಹೀಗಾಗಿ ನಾನೂ ಅದೂ ಒಬ್ಬರನ್ನೊಬ್ಬರು ಬಿಟ್ಟಿಲ್ಲ.

ಪಿತೃಪಕ್ಷದಲ್ಲಿ ನನ್ನ ಅಂಗಡಿಗೆ ನೊಣವೂ ಬರುವುದಿಲ್ಲ. ಆಮೇಲೆ ನವರಾತ್ರಿ, ಆಯುಧಪೂಜೆ, ವಿಜಯದಶಮಿ. ಅದರ ಮಾರನೆಯ ದಿನ ಮೊದಲ ಗಿರಾಕಿಯಾಗಿ ಬಂದವನು ಜಡಿಗೇನಹಳ್ಳಿಯ ಬೈಲಪ್ಪ. ತರಕಾರಿ ಬೆಳೆಯುವವನು, ಸಂಕೋಚದ ಮನುಷ್ಯ, ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಒಳಗೆ ಬಂದ. ಅವನ ಮಗಳು ಕವಿತ ಇಲ್ಲೇ ಒಂದು ಫ್ಯಾಕ್ಟರಿಯಲ್ಲಿ ಡಿಸ್ಪ್ಯಾಚ್ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. ಬೂದಿಗೆರೆಯ ಅಶೋಕ್ ಎಂಬ ಹುಡುಗನ ಜೊತೆ ಮಾತುಕತೆ ನಡೆದಿತ್ತು. ಹೆಸರುಬಲ ನೋಡಿ, ಹೆಣ್ಣು ನೋಡುವ ಶಾಸ್ತ್ರವೂ ಮುಗಿದು, ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಬಾಕಿ ಇದ್ದದ್ದು ಹುಡುಗನ ಅಜ್ಜಿ ಪಾಪಮ್ಮನವರ ಒಪ್ಪಿಗೆ. ಆ ಮನೆಯಲ್ಲಿ ಅವರು ಹೇಳಿದ್ದೇ ಶಾಸನ. ಜಾತಕವನ್ನು ಮನೆದೇವರ ಮುಂದೆ ಒಂದು ರಾತ್ರಿ ಇಟ್ಟು, ಬೆಳಗ್ಗೆ ಪುರೋಹಿತರಿಗೆ ತೋರಿಸುವುದು ಅವರ ಮನೆಯ ಪದ್ಧತಿ. ಅಶೋಕನ ಜಾತಕವನ್ನು ಶ್ರಾವಣದಲ್ಲಿ ನಾನೇ ತೆಗೆದುಕೊಟ್ಟಿದ್ದೆ.

ಕವಿತಳ ಜಾತಕ ಮಿಷನ್ನಿಂದ ಹೊರಗೆ ಬಂತು. ನೋಡಿದರೆ ಅಕ್ಷರಗಳೆಲ್ಲ ಮಸುಕು ಮಸುಕು. ಕುಂಡಲಿಯ ಮನೆಗಳ ಗೆರೆ ಅಲ್ಲಲ್ಲಿ ತುಂಡಾಗಿತ್ತು.

“ಅಣ್ಣಾ, ಇದ್ಯಾಕೋ ಮಂಜು ಕವಿದಂಗೈತಲ್ಲ” ಎಂದ ಬೈಲಪ್ಪ.

“ರಿಬ್ಬನ್ ಹಳೇದಪ್ಪ. ಓದೋಕೆ ಬರುತ್ತಲ್ಲ, ತಗೊಂಡೋಗು” ಎಂದೆ.

ಓದುವುದಕ್ಕೇನೋ ಬರುತ್ತಿತ್ತು. ಪಾಪಮ್ಮನವರು ಮಾತ್ರ ಅದನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಮಸುಕಾದದ್ದನ್ನು ದೇವರ ಮುಂದೆ ಇಡುವುದು ಹೇಗೆ, ಬೇರೆ ತನ್ನಿ ಎಂದರಂತೆ. ಎರಡು ದಿನ ಬಿಟ್ಟು ಅಶೋಕನೇ ಬೈಕಿನಲ್ಲಿ ಬಂದ. ಅಷ್ಟರಲ್ಲಿ ಹೊಸ ರಿಬ್ಬನ್ ತರಿಸಿ ಹಾಕಿದ್ದೆ. ತೆಗೆದರೆ ಮತ್ತೆ ಅದೇ ಮಸುಕು! ನನಗೆ ತಲೆ ಕೆಟ್ಟಿತು. ತಪ್ಪು ಹುಡುಗಿಯ ಜಾತಕದ್ದಲ್ಲ, ಮಿಷನ್ನಿನದು ಎಂದು ತೋರಿಸಿಬಿಡೋಣ ಎಂಬ ಅತಿಬುದ್ಧಿ ಬೇರೆ ಬಂತು. ಅಶೋಕನ ಜಾತಕವನ್ನೂ ಇನ್ನೊಂದು ಸಲ ತೆಗೆದೆ. ಅದೂ ಮಸುಕಾಗಿಯೇ ಬಂತು. ಎರಡನ್ನೂ ಅವನ ಕೈಗಿಟ್ಟು, “ನೋಡು, ನಿಂದೂ ಹಿಂಗೇ ಬಂದಿದೆ. ನಿಮ್ಮ ಅಜ್ಜಿಗೆ ತೋರ್ಸು” ಎಂದು ಹೆಮ್ಮೆಯಿಂದ ಕಳಿಸಿದೆ.

ಪಾಪಮ್ಮನವರು ಅದನ್ನು ತಿರುವುಮುರುವಾಗಿ ಅರ್ಥ ಮಾಡಿಕೊಂಡರು. ಶ್ರಾವಣದಲ್ಲಿ ಮೊಮ್ಮಗನ ಜಾತಕ ಇದೇ ಮಿಷನ್ನಿನಲ್ಲಿ ಕನ್ನಡಿಯ ಹಾಗೆ ಬಂದಿತ್ತು. ಆ ಹುಡುಗಿಯ ಹೆಸರು ಮುಟ್ಟಿಸಿದ್ದೇ ತಡ ಮಿಷನ್ನೂ ಕೆಟ್ಟಿತು, ಮೊಮ್ಮಗನ ಜಾತಕವೂ ಮಸುಕಾಯಿತು. ಇನ್ನು ಹುಡುಗಿಯೇ ಮನೆಗೆ ಬಂದರೆ ಗತಿಯೇನು? “ಕಾಲ್ಗುಣ ಸರಿಯಿಲ್ವೇನೋ” ಎಂದುಬಿಟ್ಟರಂತೆ.

ಈ ಮಾತು ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ನಮ್ಮ ಕಡೆ ಕಾಲ್ಗುಣದ ಮಾತು ಒಂದು ಸಲ ಬಾಯಿಂದ ಬಿದ್ದರೆ ಹೆಣ್ಣಿನ ಹಿಂದೆ ಊರೂರು ತಿರುಗುತ್ತದೆ. ಬೂದಿಗೆರೆಯಲ್ಲಿ ಆಡಿದ್ದು ನೀರು ಕುಡಿಯುವಷ್ಟರಲ್ಲಿ ಜಡಿಗೇನಹಳ್ಳಿಗೆ ಬಂದಿರುತ್ತದೆ. ಈ ಸಂಬಂಧ ತಪ್ಪಿದರೆ ಮುಂದೆ ಬರುವವರೂ ‘ಅದೇ, ಮಿಷನ್ ಕೆಡಿಸಿದ ಹುಡುಗಿ’ ಎಂದೇ ಬರುತ್ತಾರೆ. ನನ್ನ ತುಕ್ಕು ಡಬ್ಬಿಯ ಪಾಪ ಆ ಮಗುವಿನ ತಲೆಗೆ ಸುತ್ತಿಕೊಂಡಿತ್ತು. ಪಾಪಮ್ಮನವರು ಒಂದೇ ಒಂದು ದಾರಿ ಬಿಟ್ಟಿದ್ದರು. ಸೋಮವಾರ ರಾಹುಕಾಲ ಕಳೆದು ಒಂಬತ್ತು ಗಂಟೆಯ ಮೇಲೆ ಅವರೇ ಅಂಗಡಿಗೆ ಬರುತ್ತಾರೆ, ಅವರ ಕಣ್ಣೆದುರಿಗೆ ಜಾತಕ ತೆಗೆಯಬೇಕು. ಚೆನ್ನಾಗಿ ಬಂದರೆ ಮುಂದಿನ ಮಾತು, ಇಲ್ಲದಿದ್ದರೆ ಬೇರೆ ಕಡೆ ನೋಡುವುದು.

ಬೆಂಗಳೂರಿನ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. “ಗುರು, ಅದನ್ನಿನ್ನೂ ಇಟ್ಕೊಂಡಿದ್ದೀರಾ? ಗುಜರಿಗೆ ಹಾಕಿ” ಎಂದು ನಕ್ಕ. ನಾನು ಅವನ ವಂಶವನ್ನೆಲ್ಲ ನೆನೆದು ಫೋನ್ ಇಟ್ಟೆ. ಕರೆಂಟಿನ ವೋಲ್ಟೇಜ್ ಸರಿಯಿಲ್ಲ ಎಂದುಕೊಂಡೆ, ರಿಬ್ಬನ್ ಮಾರಿದವನು ಮೋಸ ಮಾಡಿದ ಎಂದುಕೊಂಡೆ, ಕಾಗದ ತೇವ ಹಿಡಿದಿದೆ ಎಂದುಕೊಂಡೆ. ಭಾನುವಾರವೆಲ್ಲ ಮಿಷನ್ನಿನ ಮುಂದೆ ಕೂತು ಒರೆಸಿದೆ, ಊದಿದೆ, ತಟ್ಟಿದೆ. ಅದು ನಾನು ಕೊಟ್ಟ ಕಾಗದವನ್ನೆಲ್ಲ ಮಸುಕು ಮಾಡಿ ವಾಪಸ್ ಕೊಟ್ಟಿತು.

ಸೋಮವಾರ ನಾನು ಬಾಗಿಲು ತೆಗೆಯುವಾಗಲೇ ಬೈಲಪ್ಪನ ಬೈಕು ಬಂದು ನಿಂತಿತು. ಹಿಂದೆ ಕವಿತ ಇದ್ದಳು. ಹಸಿರು ಚೂಡಿದಾರ್ ಹಾಕಿದ್ದಳು, ಮಧ್ಯಾಹ್ನದ ಮೇಲೆ ಡ್ಯೂಟಿಗೆ ಹೋಗುವುದಕ್ಕೆ ಬ್ಯಾಗ್ ತಂದಿದ್ದಳು. ಆ ಹುಡುಗಿಯನ್ನು ನಾನು ನೋಡಿದ್ದು ಅದೇ ಮೊದಲು. ಅಳುಮುಖ ಇರಬಹುದು ಎಂದುಕೊಂಡಿದ್ದೆ. ಅವಳು ಬಂದವಳೇ ಪ್ರಿಂಟರಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಅಂಕಲ್, ನಮ್ಮ ಡಿಸ್ಪ್ಯಾಚ್‌ನಲ್ಲೂ ಇಂಥದ್ದೇ ಇದೆ. ದಿನಾ ನಾಲ್ಕು ಕಾಪಿ ಬಿಲ್ ಹೊಡೀತೀನಿ. ಮುಚ್ಚಳ ತೆಗೀಲಾ?”

“ರಾಹುಕಾಲ ಕಣವ್ವಾ, ಒಂಬತ್ತರವರೆಗೂ ಸುಮ್ನಿರು” ಎಂದ ಬೈಲಪ್ಪ ಬಾಗಿಲಲ್ಲೇ ನಿಂತು.

“ರಾಹುಕಾಲದಲ್ಲಿ ಹೊಸ ಕೆಲ್ಸ ಶುರು ಮಾಡ್ಬಾರ್ದು. ಇದು ಹಳೇ ರಿಪೇರಿ, ದೋಷ ಇಲ್ಲ. ತೆಗಿಯಮ್ಮ” ಎಂದೆ. ಶಾಸ್ತ್ರ ಗೊತ್ತಿಲ್ಲದಿದ್ದರೂ ಇಷ್ಟು ವರ್ಷ ಅದರ ಪಕ್ಕದಲ್ಲೇ ಕೂತವನು, ಬೇಕಾದಾಗ ಒಂದಿಷ್ಟು ಹುಟ್ಟಿಸಬಲ್ಲೆ.

ಅವಳು ಮುಚ್ಚಳ ಎತ್ತಿ ರಿಬ್ಬನ್ ಕಳಚಿ ಪಕ್ಕಕ್ಕಿಟ್ಟಳು. ಬಿಳೀ ಕಾಗದ ಸಿಕ್ಕಿಸಿ, “ಈಗ ಜಾತಕ ಹೊಡೀರಿ” ಎಂದಳು.

“ರಿಬ್ಬನ್ ಇಲ್ದೇನಾ? ಏನು ಬರುತ್ತೆ?”

“ಏನೂ ಬರ್ಬಾರ್ದು. ಬಂದ್ರೆ ಪಿನ್ನಲ್ಲಿ ಏನೋ ಮೆತ್ಕೊಂಡಿದೆ ಅಂತ ಲೆಕ್ಕ.”

ಕೀಲಿ ಒತ್ತಿದೆ. ಹೆಡ್ಡು ಅತ್ತಿಂದಿತ್ತ ಓಡಿತು. ನಾವು ಮೂವರೂ ಬಗ್ಗಿ ನೋಡಿದೆವು. ಮಸಿ ಇಲ್ಲದ ಕಾಗದದ ಮೇಲೆ ತಿಳಿಯಾದ ಕೆಂಪು ಚುಕ್ಕಿಗಳು ಮೂಡಿದವು. ಅಲ್ಲಲ್ಲಿ ಒದ್ದೆಗೆ ಉಜ್ಜಿದ ಹಾಗೆ ಕೆಂಪು ಕಲೆ. ಬೈಲಪ್ಪನ ಮುಖ ಬಿಳಿಚಿಕೊಂಡಿತು.

“ರಕ್ತ ಇದ್ದಂಗೈತಲ್ಲಣ್ಣೋ!”

“ಅಪ್ಪಾ, ಸುಮ್ನಿರು” ಎಂದು ಗದರಿದ ಕವಿತ ಬೆರಳಿಂದ ಅದನ್ನು ಸವರಿ ಮೂಗಿನ ಹತ್ತಿರ ಹಿಡಿದಳು. “ಅಂಕಲ್, ಇದು ಕುಂಕುಮ. ಎಣ್ಣೆಯಲ್ಲಿ ಕಲ್ಸಿರೋ ಕುಂಕುಮ.”

ಈ ಮಿಷನ್ನನ್ನು ಬೇರೆಯವರು ಮುಟ್ಟಲು ನಾನು ಬಿಡುವುದಿಲ್ಲ, ಆಯುಧಪೂಜೆಯನ್ನೂ ನಾನೇ ಮಾಡುತ್ತೇನೆ. ಪ್ರತಿ ವರ್ಷ ಮುಚ್ಚಳದ ಮೇಲೆ ಒಂದು ಬೊಟ್ಟು ಇಟ್ಟು ಕೈಮುಗಿಯುತ್ತಿದ್ದೆ. ಈ ಸಲ ಭಕ್ತಿ ಉಕ್ಕಿತು. ಅನ್ನ ಕೊಡುವುದು ಮುಚ್ಚಳವೇ, ಒಳಗಿನ ಹೆಡ್ಡಲ್ಲವೇ ಎಂದುಕೊಂಡು ಮುಚ್ಚಳ ತೆಗೆದು, ಅದರ ಮೂತಿಗೇ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಧಾರಾಳವಾಗಿ ಹಚ್ಚಿದ್ದೆ. ಗೋಡೆ ನೋಡುತ್ತ, ನಡೆದದ್ದನ್ನು ಅವಳಿಗೆ ಹೇಳಿದೆ.

ಅವಳು ಬೈಯಲಿಲ್ಲ, ನಕ್ಕಳು. ಆ ನಗು ಕೇಳಿ ನನಗೆ ಅರ್ಧ ಜೀವ ಬಂತು. ಬೈಲಪ್ಪನನ್ನು ಮೆಡಿಕಲ್ ಸ್ಟೋರಿಗೆ ಓಡಿಸಿ ಸ್ಪಿರಿಟ್ಟು, ಕಿವಿಗೆ ಹಾಕುವ ಹತ್ತಿಕಡ್ಡಿ ತರಿಸಿದಳು. ಕರೆಂಟಿನ ವೈರ್ ಕಿತ್ತು, ಹೆಡ್ಡಿನ ಬಿಸಿ ಆರುವವರೆಗೂ ಕಾದು, ಮಗುವಿನ ಮೂಗು ಒರೆಸುವಷ್ಟು ಜೋಪಾನವಾಗಿ ಒರೆಸಿದಳು. ಕಡ್ಡಿಗಳು ಒಂದಾದ ಮೇಲೊಂದು ಕೆಂಪಾದವು. ಕಡೆಗೆ ಒಂದು ಕಡ್ಡಿ ಬೆಳ್ಳಗೇ ಹೊರಗೆ ಬಂತು. ಮತ್ತೆ ರಿಬ್ಬನ್ ಹಾಕಿ ಕೀಲಿ ಒತ್ತಿದೆವು.

ಗೆರೆಗಳು ಈಗ ತುಂಡಾಗಲಿಲ್ಲ. ಅಕ್ಷರ ಮಾತ್ರ ಇನ್ನೂ ಮಸುಕು, ಅಂಚು ಹರಡಿಕೊಂಡು ನೆರಳಿನ ಹಾಗೆ ಬಿದ್ದಿತ್ತು.

ಅವಳ ಕೈ ನಿಂತುಹೋಯಿತು. ಅಲ್ಲಿಯವರೆಗೂ ಇದ್ದ ಧೈರ್ಯ ಮುಖದಿಂದ ಇಳಿಯಿತು. “ಅಂಕಲ್, ಮೂರನೇ ಸಲವೂ ಹಿಂಗೇ ಬಂದ್ರೆ ನನ್ನ ಮಾತು ಯಾರೂ ಕೇಳಲ್ಲ. ಅಶೋಕ್‌ಗೂ ಅಜ್ಜಿ ಮಾತು ಮೀರೋಕಾಗಲ್ಲ. ಅವ್ರು ಬೇಡ ಅಂದ್ರೆ ಬೇಡ ಅನ್ಲಿ, ನನ್ನ ಕಾಲ್ಗುಣ ಕೆಟ್ಟದ್ದು ಅನ್ಬಾರ್ದು” ಎಂದಳು. ನನಗೆ ಆ ಮಿಷನ್ನನ್ನು ಎತ್ತಿ ಓಣಿಗೆ ಎಸೆಯಬೇಕು ಎನಿಸಿತು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಬೈಲಪ್ಪ ಇಣುಕಿ ನೋಡಿ, “ಬಂದ್ಬಿಟ್ರು” ಎಂದು ಪಿಸುಗುಟ್ಟಿದ.

ಕವಿತ ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದಳು. ಮಿಷನ್ನಿನ ಬಲಗಡೆ ಬೆರಳುದ್ದದ ಒಂದು ಲಿವರ್ ಇದೆ. ಅದನ್ನು ನಾನು ಎಂದೂ ಮುಟ್ಟಿದವನಲ್ಲ. ಅವಳು ಅದನ್ನೇ ದಿಟ್ಟಿಸಿದಳು.

“ಇದ್ಯಾಕೆ ಇಷ್ಟು ಕೆಳಗಿದೆ? ನಾಲ್ಕು ಕಾಪಿ ದಪ್ಪ ಕಾಗದ ಹಾಕ್ದಾಗ ಮಾತ್ರ ಇಲ್ಲಿಗೆ ತರ್ತೀವಿ. ಆಗ ಹೆಡ್ಡು ಕಾಗದದಿಂದ ಹಿಂದಕ್ಕೆ ಸರಿಯುತ್ತೆ. ನೀವು ಹಾಕೋದು ಒಂದೇ ಹಾಳೆ. ಹೆಡ್ಡು ದೂರ ಇದ್ರೆ ಪಿನ್ನು ಸರಿಯಾಗಿ ಮುಟ್ಟೋದೇ ಇಲ್ವಲ್ಲ ಅಂಕಲ್! ಇಲ್ಲೇನೋ ಕಟ್ಟಿದೆ ನೋಡಿ.”

ಲಿವರಿಗೆ ಒಣಗಿದ ಬಾಳೆನಾರು ಸುತ್ತಿಕೊಂಡಿತ್ತು, ನಾರಿನಲ್ಲಿ ಚೆಂಡುಹೂವಿನ ಎರಡು ಎಸಳು. ನನಗೆ ಎಲ್ಲ ಹೊಳೆಯಿತು. ಆಯುಧಪೂಜೆಗೆ ಮೊಳ ಹೂವು ಸಾಲದೆಂದು ಮಾರುದ್ದದ ಹಾರ ತಂದಿದ್ದೆ. ನೇತುಹಾಕಲು ಬೇರೆ ಜಾಗವಿಲ್ಲದೆ ಈ ಲಿವರಿಗೇ ಕಟ್ಟಿದ್ದೆ. ಹಾರದ ಭಾರಕ್ಕೆ ಅದು ತುದಿಯವರೆಗೂ ಜಗ್ಗಿತ್ತು. ಮೂರು ದಿನ ಬಿಟ್ಟು ಬಾಡಿದ ಹಾರ ಕಿತ್ತು ಎಸೆದಾಗಲೂ ನಾನು ಲಿವರ್ ನೋಡಲಿಲ್ಲ. ಕುಂಕುಮ ಇಟ್ಟವನೂ ನಾನು, ಹಾರ ಹಾಕಿದವನೂ ನಾನು, ಕಾಲ್ಗುಣ ಮಾತ್ರ ಆ ಹುಡುಗಿಯದು!

ಅವಳು ನಾರು ಬಿಚ್ಚಿ ಲಿವರನ್ನು ಮೇಲಕ್ಕೆ ತಳ್ಳಿದಳು. ಟಕ್ ಎಂದು ಕೂತಿತು. ಪ್ರಿಂಟ್ ತೆಗೆದು ನೋಡಲು ಹೊತ್ತಿರಲಿಲ್ಲ. ಪಾಪಮ್ಮನವರು ಮೆಟ್ಟಿಲು ಹತ್ತುತ್ತಿದ್ದರು.

ಕುಳ್ಳಗೆ, ಕಟ್ಟುಮಸ್ತಾಗಿ, ಹಣೆ ತುಂಬ ಕುಂಕುಮ ಇಟ್ಟುಕೊಂಡ ಹೆಂಗಸು. ಅಶೋಕ ತೋಳು ಹಿಡಿದುಕೊಂಡಿದ್ದ. ಅವನು ಕವಿತಳ ಮುಖ ನೋಡಿದ, ಅವಳು ಅವನ ಮುಖ ನೋಡಲಿಲ್ಲ. ಕೈ ಎರಡನ್ನೂ ದುಪಟ್ಟಾದಲ್ಲಿ ಮುಚ್ಚಿಕೊಂಡು ಮೂಲೆಗೆ ಸರಿದಿದ್ದಳು. ಪಾಪಮ್ಮನವರು ಗೋಡೆಯ ಗಡಿಯಾರ ನೋಡಿ ಕುರ್ಚಿಯಲ್ಲಿ ಕೂತು, “ಏನಪ್ಪಾ, ತೆಗಿ ಮತ್ತೆ” ಎಂದರು.

ಕೀಲಿ ಒತ್ತುವಾಗ ಮನೆದೇವರನ್ನೆಲ್ಲ ನೆನೆದೆ, ಹರಕೆ ಹೊರಲು ಹೋಗಿ ಸುಮ್ಮನಾದೆ. ಭಕ್ತಿ ಮಾಡಿದ್ದು ಸಾಕಾಗಿತ್ತು. ಮಿಷನ್ ಕಿರುಚತೊಡಗಿತು. ಮೊದಲ ಸಾಲು ಬಂತು. ಕರ್ರಗೆ, ಒತ್ತಾಗಿ, ಎಣಿಸಬಹುದಾದ ಚುಕ್ಕಿಗಳಲ್ಲಿ ‘ಕವಿತ’ ಎಂದಿತ್ತು. ಆಮೇಲೆ ಕುಂಡಲಿ, ಹನ್ನೆರಡು ಮನೆಯೂ ಗೆರೆ ಕೊರೆದ ಹಾಗೆ. ಬೈಲಪ್ಪ ಉಸಿರು ಬಿಟ್ಟದ್ದು ಆ ಗಲಾಟೆಯಲ್ಲೂ ಕೇಳಿಸಿತು. ನನ್ನ ಎದೆಯ ಮೇಲಿಂದ ಚಪ್ಪಡಿ ಕಲ್ಲು ಇಳಿದಂತಾಯಿತು.

ಪಾಪಮ್ಮನವರು ಕಾಗದವನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ನೋಡಿದರು. “ಚೆನ್ನಾಗೈತೆ” ಎಂದರು. “ನೀನೂ ನೋಡವ್ವ” ಎಂದು ಕವಿತಳ ಕಡೆ ಚಾಚಿದರು. ತಗೊಳ್ಳಲು ಅವಳು ಕೈ ಹೊರಗೆ ತೆಗೆಯಲೇಬೇಕಾಯಿತು. ಬೆರಳ ತುಂಬ ಮಸಿ, ಉಗುರ ಸಂದಿಯಲ್ಲಿ ಕೆಂಪು.

“ಕೈಗೇನಾಯ್ತವ್ವ?”

“ಏನಿಲ್ಲಮ್ಮಾ, ಫ್ಯಾಕ್ಟ್ರಿ ಕೆಲ್ಸದ್ದು” ಎಂದು ಬೈಲಪ್ಪ ನಡುವೆ ಬಾಯಿ ಹಾಕಿದ.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು, ಕಾರ್ಯ ಕೈಗೂಡಿತ್ತು. ಕವಿತ ಬಿಡಲಿಲ್ಲ. “ಇಲ್ಲ ಅಜ್ಜಿ. ಈ ಮಿಷನ್ ಕೆಟ್ಟಿತ್ತು, ನಾನೇ ಸರಿ ಮಾಡ್ದೆ” ಎಂದಳು. ಅವಳು ಅಷ್ಟು ಹೇಳಿದ ಮೇಲೆ ನಾನು ಬಾಯಿ ಮುಚ್ಚಿಕೊಂಡು ಕೂತರೆ ಗಂಡಸೇ? “ಕೆಡ್ಸಿದ್ದು ನಾನಮ್ಮಾ” ಎಂದೆ. ಕುಂಕುಮದ ಚುಕ್ಕಿ ಬಿದ್ದ ಕಾಗದ, ಕೆಂಪಾದ ಹತ್ತಿಕಡ್ಡಿಗಳು, ಬಾಳೆನಾರು, ಲಿವರ್ ಎಲ್ಲವನ್ನೂ ತೋರಿಸಿದೆ. ಅಶೋಕನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿಯ ಮುಖ ನೋಡಿ ನುಂಗಿಕೊಂಡ.

ಪಾಪಮ್ಮನವರು ನಗಲಿಲ್ಲ. ಬಗ್ಗಿ ಆ ಲಿವರನ್ನು ತಾವೇ ಮುಟ್ಟಿ ನೋಡಿದರು. ಪೂಜೆಯೇ ಕೆಟ್ಟಿತೆಂದು ಇನ್ನೇನು ಹೊಸ ಅಪಶಕುನ ತೆಗೆಯುತ್ತಾರೋ ಎಂದು ನನಗೆ ಮತ್ತೆ ದಿಗಿಲಾಯಿತು.

“ನಾನು ಮದ್ವೆಯಾಗಿ ಬಂದ ದಿನ” ಎಂದು ಅವರು ಶುರು ಮಾಡಿದರು, “ನಮ್ಮ ಬಾವೀಲಿ ನೀರೆತ್ತೋಕೆ ಎತ್ತು ಕಟ್ಟಿ ಕಪಿಲೆ ಹೊಡೀತಿದ್ರು. ಎತ್ತು ಅರ್ಧ ಎಳೆದಿದ್ವು, ಹಗ್ಗ ಕಿತ್ತೋಯ್ತು. ಒಂದೆತ್ತು ಬಿದ್ದು ಕಾಲು ಮುರ್ಕೊಳ್ತು. ನಮ್ಮತ್ತೆ ನನ್ನ ಮುಖ ನೋಡಿದ್ರು, ಅಷ್ಟೇ. ಆಮೇಲೆ ಹಸ ಸತ್ರೂ ನಾನೇ, ಮಳೆ ಹೋದ್ರೂ ನಾನೇ. ಹೊಸ ಬಾವಿ ತೋಡಿಸ್ದಾಗ ನನ್ನ ಆ ಕಡೆ ಬರ್ಬೇಡ ಅಂದ್ರು.”

ಓಣಿಯಲ್ಲಿ ಯಾರದೋ ಸ್ಕೂಟರ್ ಹೋಯಿತು. ಅವರು ಅದು ದಾಟುವವರೆಗೂ ಕಾದರು.

“ಹಗ್ಗ ಹಳೇದಾಗಿತ್ತೇನೋ. ಯಾರೂ ನೋಡ್ಲಿಲ್ಲ ಕಣವ್ವಾ. ನಾನೂ ನೋಡ್ಲಿಲ್ಲ. ನನ್ನ ಕಾಲ್ಗುಣವೇ ಕೆಟ್ಟದ್ದು ಅಂತ ಇಷ್ಟು ವರ್ಷ ನಂಬ್ಕೊಂಡೇ ಬಂದೆ.”

ಅಶೋಕ ತಲೆ ತಗ್ಗಿಸಿದ್ದ, ಅವನಿಗೂ ಈ ವಿಷಯ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಕವಿತ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, “ಹಗ್ಗ ಹಳೇದೇ ಆಗಿರುತ್ತೆ ಅಜ್ಜಿ. ಹೊಸ ಹಗ್ಗ ಹಂಗೆ ಕೀಳಲ್ಲ” ಎಂದಳು, ಫ್ಯಾಕ್ಟರಿಯಲ್ಲಿ ಯಾರಿಗೋ ಲೆಕ್ಕ ಒಪ್ಪಿಸುವ ಹಾಗೆ.

ಪಾಪಮ್ಮನವರು ಅವಳ ಮಸಿಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. ಆದರೆ ಆ ಮುಖ ಒಳಗೆ ಬಂದಾಗಿನ ಮುಖವಾಗಿರಲಿಲ್ಲ. ಬಹಳ ದೂರ ಹೊರೆ ಹೊತ್ತು ಬಂದವರು ಇಳಿಸಿ ಕೂತಾಗ ಹಾಗೆ ಕಾಣುತ್ತಾರೆ. ನನಗೂ ಕಣ್ಣು ತುಂಬಿತು. ಪ್ರಿಂಟರಿನ ಮುಚ್ಚಳ ಹಾಕುವ ನೆಪದಲ್ಲಿ ಆ ಕಡೆ ತಿರುಗಿದೆ.

“ಬೈಲಪ್ಪಾ” ಎಂದರು ಅವರು ಸ್ವಲ್ಪ ಹೊತ್ತಿಗೆ, ಎಂದಿನ ಗತ್ತಿನ ದನಿಯಲ್ಲೇ. “ಜಾತಕ ದೇವ್ರ ಮುಂದೆ ಇಡೋದು ಇಟ್ಟೇ ಇಡ್ತೀನಿ, ಅದು ನಮ್ಮನೆ ಪದ್ಧತಿ. ಪುರೋಹಿತರು ನೋಡ್ಲಿ. ಶುಕ್ರವಾರ ಹೂ ಮುಡ್ಸೋಕೆ ಬರ್ತೀವಿ. ಆದ್ರೆ ಈ ಹುಡ್ಗಿ ಕಾಲ್ಗುಣ ಅಂತ ನಾನೊಂದು ಮಾತಾಡಿದ್ನಲ್ಲ, ಅದನ್ನ ನಾನೇ ಮನೆಮನೆಗೂ ಹೋಗಿ ವಾಪಸ್ ತಗೊಂಡು ಬರ್ತೀನಿ. ಅಶೋಕಾ, ಕಾರು ಮೊದ್ಲು ಜಡಿಗೇನಹಳ್ಳಿ ಕಡೆಗೆ ತಿರುಗ್ಸು.”